ಸೋಡಾ, ಪಾಪ್, ಕೋಕ್: ಅಮೆರಿಕದಲ್ಲಿ ಒಂದೇ ಡ್ರಿಂಕ್‌ಗೆ ಊರಿಗೊಂದು ಹೆಸರು

ಅಮೆರಿಕದಲ್ಲಿ ಒಬ್ಬರು ಎಲ್ಲಿ ಬೆಳೆದವರು ಅಂತ ತಿಳಿಯಲು ಊರಿನ ಹೆಸರು ಕೇಳಬೇಕಾಗಿಲ್ಲ. ಗ್ಯಾಸ್ ತುಂಬಿದ ಸಿಹಿ ಕೂಲ್ ಡ್ರಿಂಕ್ಸ್‌ಗೆ ನಿಮ್ಮ ಮನೆಯಲ್ಲಿ ಏನಂತಿದ್ದರು ಅಂತ ಕೇಳಿದರೆ ಸಾಕು. ನ್ಯೂಯಾರ್ಕ್, ಬಾಸ್ಟನ್, ಕ್ಯಾಲಿಫೋರ್ನಿಯಾ ಕಡೆಯವರಾದರೆ ಸೋಡಾ ಅನ್ನುತ್ತಾರೆ. ಮಿಷಿಗನ್, ಒಹಾಯೊ, ಮಿನೆಸೋಟ ಕಡೆಯವರಾದರೆ ಪಾಪ್. ಜಾರ್ಜಿಯಾ, ಅಲಬಾಮಾ, ಟೆಕ್ಸಸ್ ಕಡೆ ಹೋದರೆ ಎಲ್ಲವೂ ಕೋಕ್, ಕೈಯಲ್ಲಿ ಹಿಡಿದಿರುವುದು ಕಿತ್ತಳೆ ಬಣ್ಣದ ಫ್ಯಾಂಟಾ ಆದರೂ ಕೋಕ್!

ನಾನು ಪೆನ್ಸಿಲ್ವೇನಿಯಾದ ಎರಡೂ ತುದಿಯಲ್ಲಿ ಇದ್ದು ಬಂದಿದ್ದೇನೆ. ಪಶ್ಚಿಮದ ಪಿಟ್ಸ್‌ಬರ್ಗ್‌ನಲ್ಲಿ ಅದು ಪಾಪ್. ಪೂರ್ವದ ಫಿಲಡೆಲ್ಫಿಯಾದಲ್ಲಿ ಸೋಡಾ. ಒಂದೇ ರಾಜ್ಯ, ನಡುವೆ ಸುಮಾರು 300 ಮೈಲಿ ದಾರಿ. ಪಕ್ಕದ ನ್ಯೂಯಾರ್ಕ್ ರಾಜ್ಯದಲ್ಲಂತೂ ದೂರ ಇನ್ನೂ ಕಮ್ಮಿ. ಬಫಲೋ ಮತ್ತು ರಾಚೆಸ್ಟರ್‌ನ ಹಳಬರು ಪಾಪ್ ಅನ್ನುತ್ತಾರೆ, ರಾಚೆಸ್ಟರ್‌ನಿಂದ ಒಂದೂವರೆ ಗಂಟೆ ಕಾರು ಓಡಿಸಿ ಸಿರಕ್ಯೂಸ್‌ಗೆ ಬಂದರೆ ಅದೇ ಡಬ್ಬಿ ಸೋಡಾ ಆಗಿರುತ್ತದೆ.

ಇದನ್ನು ತಮಾಷೆಯ ವಿಷಯ ಅಂತ ಸುಮ್ನೆ ಬಿಟ್ಟುಬಿಡುವವರು ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಈ ಹೆಸರು ಡಬ್ಬಿಯ ಮೇಲೆ ಬರೆದಿರುವುದಿಲ್ಲ, ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಮನೆಯಲ್ಲಿ, ಬೀದಿಯಲ್ಲಿ, ಅಂಗಡಿ ಮುಂದೆ ಕೇಳಿ ಕಲಿತ ಮಾತು. ಹಿಂದೆ ಆ ಊರಿನಲ್ಲಿ ಡ್ರಿಂಕ್ ಯಾರು ಮಾಡುತ್ತಿದ್ದರು, ಎಲ್ಲಿ ಮಾರುತ್ತಿದ್ದರು, ಯಾವ ಬಾಟಲಿಯಲ್ಲಿ ತುಂಬುತ್ತಿದ್ದರು ಅನ್ನುವ ಕಥೆಯೆಲ್ಲ ಅದರೊಳಗೆ ಕೂತಿದೆ. ಎಷ್ಟೋ ಕಾರ್ಖಾನೆಗಳು ಮುಚ್ಚಿದವು, ಮಾತು ಮಾತ್ರ ಇನ್ನೂ ನಡೆಯುತ್ತಿದೆ.

ಮೊದಲು ಸೋಡಾ ವಿಷಯ. ನೀರಿಗೆ ಗ್ಯಾಸ್ ಸೇರಿಸುವ ಕೆಲಸ ಶುರುವಾಗಿದ್ದು ಇಂಗ್ಲೆಂಡಿನಲ್ಲಿ. 1767ರಲ್ಲಿ ಲೀಡ್ಸ್ ಊರಿನಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಬಿಯರ್ ಹುಳಿ ಬರುವ ತೊಟ್ಟಿಯ ಮೇಲೆ ನೀರು ಹಿಡಿದು, ಅಲ್ಲಿಂದ ಏಳುವ ಗ್ಯಾಸ್ ನೀರಿನೊಳಗೆ ಸೇರುವುದನ್ನು ಕಂಡುಕೊಂಡರು. ಆಮೇಲೆ ಇಂಥ ನೀರನ್ನು ಔಷಧಿ ಥರ ಮಾರತೊಡಗಿದರು, ಅದಕ್ಕೆ ಸೋಡಿಯಂನ ಉಪ್ಪು ಬೆರೆಸುತ್ತಿದ್ದುದರಿಂದ ಸೋಡಾ ನೀರು ಅನ್ನುವ ಹೆಸರು ಬಂತು. ಅಮೆರಿಕಕ್ಕೆ ಬಂದಾಗಲೂ ಅದು ಇಳಿದಿದ್ದು ಈಶಾನ್ಯದ ಊರುಗಳಲ್ಲೇ. ಯೇಲ್ ಕಾಲೇಜಿನ ಪ್ರೊಫೆಸರ್ ಬೆಂಜಮಿನ್ ಸಿಲಿಮನ್ 1806ರ ಸುಮಾರಿಗೇ ನ್ಯೂ ಹೇವನ್‌ನಲ್ಲಿ ಸೋಡಾ ನೀರು ಮಾರಿದರು. 1830ರ ದಶಕದಲ್ಲಿ ಜಾನ್ ಮ್ಯಾಥ್ಯೂಸ್ ನ್ಯೂಯಾರ್ಕ್‌ನಲ್ಲಿ ಸೋಡಾ ಯಂತ್ರಗಳನ್ನು ಮಾಡಿ ಅಂಗಡಿಗಳಿಗೆ ಕೊಟ್ಟರು. ಔಷಧಿ ಅಂಗಡಿಯ ಕೌಂಟರಿನಲ್ಲಿ ಸೋಡಾ ಫೌಂಟನ್, ಅದರ ಮುಂದೆ ಎತ್ತರದ ಸ್ಟೂಲು, ಸಿರಪ್ ಹಾಕಿ ಮೇಲಿಂದ ಗ್ಯಾಸ್ ನೀರು ಬಿಡುವ ಹುಡುಗ. ಇದನ್ನು ನೋಡುತ್ತಾ ಬೆಳೆದ ಊರಿನವರು ಸೋಡಾ ಅನ್ನದೆ ಇನ್ನೇನು ಅನ್ನುತ್ತಾರೆ?

ಪಾಪ್ ಬಂದಿದ್ದು ಸದ್ದಿನಿಂದ. ಡೆಟ್ರಾಯಿಟ್‌ನ ಫೇಗೋ ಕಂಪನಿಯವರೇ ಈ ಹೆಸರು ಹುಟ್ಟಿಸಿದ್ದು ಅಂತ ಅಲ್ಲಿ ಹೆಮ್ಮೆಯಿಂದ ಹೇಳುವವರಿದ್ದಾರೆ. ಆದರೆ ಫೇಗೋ ಶುರುವಾಗಿದ್ದು 1907ರಲ್ಲಿ. ಅದಕ್ಕಿಂತ ಸುಮಾರು ನೂರು ವರ್ಷ ಮುಂಚೆ, 1812ರಲ್ಲಿ, ಇಂಗ್ಲಿಷ್ ಕವಿ ರಾಬರ್ಟ್ ಸೌದಿ ತಮ್ಮ ಪತ್ರವೊಂದರಲ್ಲಿ ಸೋಡಾ ನೀರಿಗೂ ಜಿಂಜರ್ ಬಿಯರ್‌ಗೂ ನಡುವಿನ ಒಂದು ಹೊಸ ಪಾನೀಯದ ಬಗ್ಗೆ ಬರೆದು, ಬಿರಡೆ ತೆಗೆದಾಗ ಪಾಪ್ ಅನ್ನುವುದರಿಂದ ಅದಕ್ಕೆ ಪಾಪ್ ಅಂತಲೇ ಹೆಸರು ಅಂದಿದ್ದಾರೆ. ಆದರೂ ಡೆಟ್ರಾಯಿಟ್‌ನವರ ಹೆಮ್ಮೆ ನನಗೆ ಇಷ್ಟ. ರಷ್ಯಾದಿಂದ ವಲಸೆ ಬಂದ ಬೇಕರಿಯ ಅಣ್ಣತಮ್ಮಂದಿರು ಕೇಕಿನ ಮೇಲೆ ಹಚ್ಚುವ ಕ್ರೀಮಿನ ರುಚಿಗಳನ್ನೇ ಬಾಟಲಿಗೆ ಇಳಿಸಿದರು, ಅವರ ಸ್ಟ್ರಾಬೆರಿ ಡ್ರಿಂಕಿನ ಹೆಸರೇ ರೆಡ್‌ಪಾಪ್. ಅಂಗಡಿ ಕಪಾಟಿನಲ್ಲೇ ಪಾಪ್ ಅಂತ ಬರೆದಿರುವಾಗ ಆ ಊರಿನ ಮಕ್ಕಳ ಬಾಯಿಗೆ ಬೇರೆ ಹೆಸರು ಹೇಗೆ ಬರುತ್ತೆ?

ಇನ್ನೊಂದು ವಸ್ತುವನ್ನೂ ಇಲ್ಲಿ ಹೇಳಬೇಕು, ಹಳೆ ಬಾಟಲಿ ಕೂಡಿಡುವವರ ಹತ್ತಿರ ಈಗಲೂ ನೋಡಲು ಸಿಗುತ್ತದೆ. 1879ರಲ್ಲಿ ಶಿಕಾಗೋದ ಚಾರ್ಲ್ಸ್ ಹಚಿನ್ಸನ್ ಪೇಟೆಂಟ್ ಪಡೆದ ಮುಚ್ಚಳ. ದಪ್ಪ ತಂತಿಯ ಕುಣಿಕೆ ಬಾಟಲಿಯ ಬಾಯಿಂದ ಹೊರಗೆ ಇಣುಕಿರುತ್ತದೆ, ಅದರ ಕೆಳತುದಿಯಲ್ಲಿ ರಬ್ಬರಿನ ಬಿಲ್ಲೆ. ಒಳಗಿನ ಗ್ಯಾಸಿನ ಒತ್ತಡವೇ ಬಿಲ್ಲೆಯನ್ನು ಕೆಳಗಿನಿಂದ ಒತ್ತಿ ಹಿಡಿದಿರುತ್ತದೆ. ಕುಡಿಯುವವರು ಅಂಗೈಯಿಂದ ಕುಣಿಕೆಯ ಮೇಲೆ ಒಂದು ಏಟು ಹಾಕಿದರೆ ಬಿಲ್ಲೆ ಒಳಗೆ ಜಾರಿ ಗ್ಯಾಸ್ ಸದ್ದು ಮಾಡಿ ಹೊರಗೆ ಬರುತ್ತದೆ. ಬಾಲ್ಟಿಮೋರ್‌ನ ವಿಲಿಯಂ ಪೇಂಟರ್ 1892ರಲ್ಲಿ ಈಗ ನಾವೆಲ್ಲ ನೋಡುವ ತಗಡಿನ ಮುಚ್ಚಳಕ್ಕೆ ಪೇಟೆಂಟ್ ಪಡೆದ ಮೇಲೆ ಇದು ನಿಧಾನವಾಗಿ ಮರೆಯಾಯಿತು. ಪ್ರತಿ ಬಾಟಲಿಯೂ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಿದ್ದ ಆ ಕಾಲದಲ್ಲಿ ಪಾಪ್ ಅನ್ನುವ ಮಾತು ಜನರ ಬಾಯಲ್ಲಿ ಇನ್ನಷ್ಟು ಗಟ್ಟಿಯಾಗಿರಬೇಕು ಅಂತ ನನ್ನ ಅನಿಸಿಕೆ.

ನನಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯ ತರುವುದು ದಕ್ಷಿಣ. ಕೋಕಾ-ಕೋಲಾ 1886ರ ಮೇ ತಿಂಗಳಲ್ಲಿ ಅಟ್ಲಾಂಟಾದ ಜೇಕಬ್ಸ್ ಫಾರ್ಮಸಿಯಲ್ಲಿ ಗ್ಲಾಸಿಗೆ ಐದು ಸೆಂಟಿನಂತೆ ಮಾರಾಟಕ್ಕೆ ಬಂತು. ಮಾಡಿದವರು ಜಾನ್ ಪೆಂಬರ್ಟನ್. 1899ರಲ್ಲಿ ಚಟ್ಟನೂಗಾದ ಇಬ್ಬರು ವಕೀಲರು ದೇಶದ ಬಹುಭಾಗಕ್ಕೆ ಬಾಟಲಿ ತುಂಬುವ ಹಕ್ಕನ್ನು ಬರೀ ಒಂದು ಡಾಲರಿಗೆ ಪಡೆದರು, ಅಲ್ಲಿಂದ ಮುಂದೆ ದಕ್ಷಿಣದ ಸಣ್ಣ ಸಣ್ಣ ಊರುಗಳಲ್ಲೂ ಬಾಟಲಿ ತುಂಬುವ ಘಟಕಗಳು ಎದ್ದವು. ಹಾಗಾಗಿ ಕೋಕ್ ಅನ್ನುವ ಮಾತು ಅಲ್ಲಿ ಹಬ್ಬಿದ್ದು ಸಹಜ ಅನ್ನಿಸುತ್ತದೆ, ಅಲ್ವಾ? ಆದರೆ ಸ್ವಲ್ಪ ನಿಂತು ನೋಡಿ. ಡಾಕ್ಟರ್ ಪೆಪ್ಪರ್ ಹುಟ್ಟಿದ್ದು ಟೆಕ್ಸಸ್‌ನ ವೇಕೋದಲ್ಲಿ, 1885ರಲ್ಲಿ, ಅಂದರೆ ಕೋಕಾ-ಕೋಲಾಕ್ಕಿಂತ ಒಂದು ವರ್ಷ ಮೊದಲು. ಪೆಪ್ಸಿ ಹುಟ್ಟಿದ್ದು ನಾರ್ತ್ ಕ್ಯಾರೊಲಿನಾದ ನ್ಯೂ ಬರ್ನ್‌ನಲ್ಲಿ. ಆರ್‌ಸಿ ಕೋಲಾದ ಕಂಪನಿ ಜಾರ್ಜಿಯಾದ ಕೊಲಂಬಸ್ ಊರಿನದ್ದು. ಎಲ್ಲವೂ ದಕ್ಷಿಣದ ಮನೆಮಕ್ಕಳೇ. ಆದರೂ ಒಬ್ಬರ ಹೆಸರು ಉಳಿದ ಎಲ್ಲರ ಮೇಲೂ ಕೂತಿತು. ವೇಕೋದ ಪಕ್ಕದ ಊರಿನವರು ಕೂಡ "ಕೋಕ್ ಬೇಕಾ?" ಅಂತ ಕೇಳಿ, "ಹೂಂ" ಅಂದ ಮೇಲೆ "ಯಾವುದು?" ಅಂತ ಕೇಳಿದರೆ ಉತ್ತರ "ಡಾಕ್ಟರ್ ಪೆಪ್ಪರ್" ಅಂತ ಬರಬಹುದು.

ಇದನ್ನು ಕಂಪನಿಯೇ ಬಯಸಿತ್ತು ಅಂದುಕೊಳ್ಳಬೇಡಿ. ಶುರುವಿನಲ್ಲಿ ಕೋಕ್ ಅನ್ನುವ ಅಡ್ಡಹೆಸರೇ ಅವರಿಗೆ ಬೇಕಿರಲಿಲ್ಲ. ಪೂರ್ತಿ ಹೆಸರು ಹೇಳಿ ಕೇಳಿ, ಅಡ್ಡಹೆಸರು ಬಳಸಿದರೆ ನಕಲಿ ಮಾಲು ಕೊಡುತ್ತಾರೆ ಅಂತ ಜಾಹೀರಾತಿನಲ್ಲಿ ಜನರಿಗೆ ಬುದ್ಧಿ ಹೇಳುತ್ತಿದ್ದರು. ಇದೇ ಸದ್ದಿನ ಹೆಸರಿಟ್ಟುಕೊಂಡ ಕೋಕ್ (Koke) ಕಂಪನಿ ಆಫ್ ಅಮೆರಿಕ ವಿರುದ್ಧದ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿ 1920ರಲ್ಲಿ ಕೋಕಾ-ಕೋಲಾ ಗೆದ್ದಿತು. ಜನ ಮಾತ್ರ ಅಡ್ಡಹೆಸರು ಬಿಡಲಿಲ್ಲ. ಕೊನೆಗೆ 1941ರಲ್ಲಿ ಕಂಪನಿಯೇ ಜಾಹೀರಾತಿನಲ್ಲಿ ಕೋಕ್ ಅಂತ ಬಳಸತೊಡಗಿತು, 1945ರಲ್ಲಿ ಅದನ್ನೂ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತು. ಕೋಕ್ ಕೇಳಿದವರಿಗೆ ಹೇಳದೆ ಕೇಳದೆ ಬೇರೆ ಕೋಲಾ ಕೊಟ್ಟ ಅಂಗಡಿಗಳನ್ನು ಅವರು ಕೋರ್ಟಿಗೆ ಎಳೆದದ್ದೂ ಉಂಟು. ಹೋಟೆಲಿನಲ್ಲಿ ಕೋಕ್ ಅಂದ ತಕ್ಷಣ "ಪೆಪ್ಸಿ ಇದೆ, ಆಗುತ್ತಾ?" ಅಂತ ಕೇಳುವ ಅಭ್ಯಾಸಕ್ಕೆ ಈ ಹಿನ್ನೆಲೆಯೂ ಇದೆ. ಸಾಮಾನ್ಯ ಜನ ಮೊಂಡುತನ ಮಾಡಿ ಇಷ್ಟು ದೊಡ್ಡ ಕಂಪನಿಯನ್ನು ತಮ್ಮ ದಾರಿಗೆ ತಂದದ್ದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಸಣ್ಣ ಹೆಸರುಗಳೂ ಇವೆ. ಬಾಸ್ಟನ್ ಸುತ್ತಮುತ್ತ ಹಿಂದೆ ಟಾನಿಕ್ ಅನ್ನುತ್ತಿದ್ದರು, ಈಗ ವಯಸ್ಸಾದವರ ಬಾಯಲ್ಲಿ ಮಾತ್ರ ಕೇಳುತ್ತದೆ. ಅಲ್ಲೇ ಹತ್ತಿರದ ಲೋವೆಲ್ ಊರಿನಲ್ಲಿ ಮಾಕ್ಸಿ ಅನ್ನುವ ಡ್ರಿಂಕನ್ನು ನರಗಳಿಗೆ ಒಳ್ಳೆಯದು ಅಂತ ಮಾರುತ್ತಿದ್ದರು, ಅಂಥ ಕಡೆ ಟಾನಿಕ್ ಅನ್ನುವ ಮಾತು ಹೊಂದುತ್ತದೆ. ಲೂಯಿಸಿಯಾನಾದ ಕೆಲವು ಕಡೆ ಕೋಲ್ಡ್ ಡ್ರಿಂಕ್. ಕ್ಯಾರೊಲಿನಾ ಕಡೆಯ ಬಟ್ಟೆ ಗಿರಣಿಗಳಲ್ಲಿ ಕೆಲಸಗಾರರಿಗೆ ತಿಂಡಿ, ಕೋಕ್ ಮಾರುತ್ತಾ ತಳ್ಳಿಕೊಂಡು ಬರುವ ಗಾಡಿಗೆ ಡೋಪ್ ವ್ಯಾಗನ್ ಅನ್ನುತ್ತಿದ್ದರು. ಕೋಕಾ-ಕೋಲಾದಲ್ಲಿ ಒಂದು ಕಾಲಕ್ಕೆ ಕೊಕೇನ್ ಅಂಶ ಇದ್ದದ್ದರಿಂದ ಡ್ರಿಂಕ್‌ಗೇ ಡೋಪ್, ಅಂದರೆ ಮಾದಕ ವಸ್ತು, ಅನ್ನುವ ಹೆಸರು ಬಿದ್ದಿತ್ತು. ಆ ಅಂಶ ಹೋಗಿ ಎಷ್ಟೋ ವರ್ಷ ಆದರೂ ಗಾಡಿಯ ಹೆಸರು ಹಾಗೇ ನಡೆಯಿತು.

ಯಾವ ಊರಿನಲ್ಲಿ ಯಾವ ಹೆಸರು ಅಂತ ತೋರಿಸುವ ಭೂಪಟ ನೋಡಿದವರು ತಪ್ಪದೆ ಕೇಳುವ ಪ್ರಶ್ನೆ ಸೇಂಟ್ ಲೂಯಿಸ್ ಮತ್ತು ಮಿಲ್ವಾಕಿಯದ್ದು. ಸುತ್ತಲೂ ಪಾಪ್, ನಡುವೆ ಇವೆರಡು ಊರು ಮತ್ತು ಅಕ್ಕಪಕ್ಕದ ಸೀಮೆ ಮಾತ್ರ ಸೋಡಾ, ಯಾಕೆ? ಖಚಿತ ಉತ್ತರ ನನಗೆ ಗೊತ್ತಿಲ್ಲ, ಆದರೆ ಎರಡೂ ಜರ್ಮನ್ ವಲಸಿಗರ, ಬಿಯರ್ ಕಾರ್ಖಾನೆಗಳ ಊರು. ಸೇಂಟ್ ಲೂಯಿಸ್‌ನ ಚಾರ್ಲ್ಸ್ ಗ್ರಿಗ್ 1929ರಲ್ಲಿ ಸೆವೆನ್ ಅಪ್ ತಂದಾಗ ಅದರ ಮೊದಲ ಉದ್ದನೆಯ ಹೆಸರು ಮುಗಿಯುತ್ತಿದ್ದದ್ದೇ "ಲೆಮನ್-ಲೈಮ್ ಸೋಡಾ" ಅಂತ.

ಸರ್ಕಾರದ ತೆರಿಗೆಗೂ ಇದು ತಟ್ಟಿದೆ. 2017ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಸಿಹಿ ಪಾನೀಯಗಳ ಮೇಲೆ ಔನ್ಸಿಗೆ ಒಂದೂವರೆ ಸೆಂಟ್ ತೆರಿಗೆ ಜಾರಿಗೆ ಬಂದಾಗ ಊರಿಗೆಲ್ಲ ಅದು ಸೋಡಾ ಟ್ಯಾಕ್ಸ್. ಅದೇ ವರ್ಷ ಆಗಸ್ಟಿನಲ್ಲಿ ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಔನ್ಸಿಗೆ ಒಂದು ಸೆಂಟ್ ಹಾಕಿದರು, ಅಲ್ಲಿ ಎಷ್ಟೋ ಜನರ ಬಾಯಲ್ಲಿ ಅದು ಪಾಪ್ ಟ್ಯಾಕ್ಸ್ ಆಯಿತು. ಜನ ಎಷ್ಟು ಸಿಟ್ಟಾದರೆಂದರೆ ಅಕ್ಟೋಬರಿನಲ್ಲೇ ಅದನ್ನು ರದ್ದು ಮಾಡಲು ವೋಟು ಬಿತ್ತು.

ಇದನ್ನೆಲ್ಲ ಮನಸ್ಸಿಟ್ಟು ಕೂಡಿಹಾಕಿದವರ ಬಗ್ಗೆ ನನಗೆ ತುಂಬಾ ಗೌರವ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡೆರಿಕ್ ಕ್ಯಾಸಿಡಿ ನಡೆಸಿದ ಪ್ರಾದೇಶಿಕ ಇಂಗ್ಲಿಷ್ ನಿಘಂಟಿನ ಕೆಲಸಕ್ಕೆ 1965ರಿಂದ 1970ರವರೆಗೆ ಕಾರ್ಯಕರ್ತರು ವ್ಯಾನುಗಳಲ್ಲಿ ದೇಶ ಸುತ್ತಿ 1,002 ಊರುಗಳಲ್ಲಿ ಜನರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಆಮೇಲೆ ಇಂಟರ್ನೆಟ್ ಬಂತು. ಹಾರ್ವರ್ಡ್‌ನಲ್ಲಿದ್ದ ಭಾಷಾತಜ್ಞ ಬರ್ಟ್ ವಾಕ್ಸ್ 2000ದ ಆಸುಪಾಸಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 53 ಜನ ಸೋಡಾ ಅಂದರು, 25 ಜನ ಪಾಪ್, 12 ಜನ ಕೋಕ್. 2013ರಲ್ಲಿ ಅಂಕಿಅಂಶ ಶಾಸ್ತ್ರ ಓದುತ್ತಿದ್ದ ಜೋಶ್ ಕಾಟ್ಜ್ ಅದರಿಂದ ಬಣ್ಣಬಣ್ಣದ ಭೂಪಟಗಳನ್ನು ಮಾಡಿದರು. ಅದನ್ನೇ ಆಧರಿಸಿದ ಕ್ವಿಜ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಡಿಸೆಂಬರ್ ಕೊನೆಗೆ ಬಂದರೂ ಆ ವರ್ಷ ಪತ್ರಿಕೆಯ ವೆಬ್‌ಸೈಟಿನಲ್ಲಿ ಜನ ಅತಿ ಹೆಚ್ಚು ನೋಡಿದ್ದು ಅದನ್ನೇ. ತಮ್ಮ ಮಾತು ಯಾವ ಊರಿನದ್ದು ಅಂತ ತಿಳಿಯುವ ಆಸೆ ಜನರಿಗೆ ಅಷ್ಟಿದೆ.

ಆದರೆ ಪಾಪ್ ಹಿಂದೆ ಸರಿಯುತ್ತಿದೆ. ಪಿಟ್ಸ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು, ಅಲ್ಲೇ ಹುಟ್ಟಿ ಬೆಳೆದವರು. ಅವರ ಗ್ಯಾರೇಜಿನಲ್ಲಿ ಒಂದು ಹಳೆ ಫ್ರಿಜ್, ಅದರ ತುಂಬಾ ಡಬ್ಬಿಗಳು, ಯಾರು ಹೋದರೂ "ಹೋಗಿ ಪಾಪ್ ತಗೊಳ್ಳಿ" ಅನ್ನುತ್ತಿದ್ದರು. ಒಮ್ಮೆ ನಾನು ಅಲ್ಲಿದ್ದಾಗ ಪೂರ್ವದ ಕಡೆ ಕಾಲೇಜಿಗೆ ಹೋಗಿದ್ದ ಮೊಮ್ಮಗ ರಜಕ್ಕೆ ಬಂದಿದ್ದ. "ಅಜ್ಜಿ, ಸೋಡಾ ಖಾಲಿ ಆಗಿದೆ" ಅಂದ. ಅಜ್ಜಿ ಪಾತ್ರೆ ಒರೆಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. "ಸೋಡಾ ನಾನು ತಂದೇ ಇರಲಿಲ್ವಲ್ಲಪ್ಪ. ಪಾಪ್ ಖಾಲಿ ಆಗಿದ್ರೆ ಹೇಳು." ಹುಡುಗ ನಕ್ಕ, ಅವರು ನಗಲಿಲ್ಲ. ಅವರಿಗೆ ಅದು ಮನೆಯ ಮಾತು, ಅವನು ಬಿಟ್ಟು ಬಂದಿದ್ದ.

ಅವನ ತಪ್ಪೇನಿಲ್ಲ. ಹಾಸ್ಟೆಲಿನಲ್ಲಿ ಪಾಪ್ ಅಂದರೆ ಹಳ್ಳಿಯವನು ಅಂತ ರೇಗಿಸುತ್ತಾರೆ. ಟಿವಿಯಲ್ಲಿ, ಚೈನ್ ಹೋಟೆಲುಗಳ ಮೆನುವಿನಲ್ಲಿ, ಸುದ್ದಿಯಲ್ಲಿ ಎಲ್ಲಾ ಕಡೆ ಸೋಡಾ. ಯಾರೂ ಬಲವಂತ ಮಾಡದಿದ್ದರೂ ಹುಡುಗರು ಸದ್ದಿಲ್ಲದೆ ಬದಲಾಗುತ್ತಾರೆ. ಯಾವ ಹೆಸರು ಸರಿ ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಪಾಪ್ ಅನ್ನುವವರು ಇನ್ನೊಬ್ಬರ ಮುಂದೆ ನಾಚಿಕೊಂಡು ಅದನ್ನು ಬಿಡಬಾರದು ಅನ್ನುವುದು ನನ್ನ ಆಸೆ.

ನಿಮಗೆ ಅಮೆರಿಕದಲ್ಲಿ ಸ್ನೇಹಿತರಿದ್ದರೆ ಕೇಳಿ ನೋಡಿ. ಆದರೆ "ಸೋಡಾಗೆ ನೀವು ಏನಂತೀರಿ?" ಅಂತ ಕೇಳಬೇಡಿ, ಉತ್ತರವನ್ನು ನೀವೇ ಅವರ ಬಾಯಿಗೆ ಹಾಕಿದ ಹಾಗಾಗುತ್ತದೆ. ವಾಕ್ಸ್ ಸಮೀಕ್ಷೆಯಲ್ಲೂ ಗ್ಯಾಸ್ ಇರುವ ಸಿಹಿ ಪಾನೀಯಕ್ಕೆ ಏನನ್ನುತ್ತೀರಿ ಅಂತ ಸುತ್ತು ಬಳಸಿ ಕೇಳಿದ್ದು ಇದಕ್ಕೇ. ಬೇರೆ ಬೇರೆ ಬ್ರ್ಯಾಂಡಿನ ನಾಲ್ಕೈದು ಡಬ್ಬಿ ಮುಂದಿಟ್ಟು, ಇವನ್ನೆಲ್ಲ ಒಟ್ಟಿಗೆ ಸೇರಿಸಿ ಏನಂತ ಕರೀತೀರಿ ಅಂತ ಕೇಳಿದರೆ ಇನ್ನೂ ಒಳ್ಳೆಯದು. ಉತ್ತರ ಬಂದ ಮೇಲೆ ಅವರ ಅಪ್ಪ ಅಮ್ಮ, ಅಜ್ಜ ಅಜ್ಜಿ ಏನಂತಿದ್ದರು ಅಂತಲೂ ಕೇಳಿ, ಬಹಳ ಸಲ ಆ ಎರಡನೇ ಉತ್ತರ ಬೇರೆಯೇ ಇರುತ್ತದೆ.