ವರಮಹಾಲಕ್ಷ್ಮಿ ಹಬ್ಬದ ಹೂವಿನ ಕೆಲಸ: ಮಂಗಳವಾರದಿಂದ ಭಾನುವಾರದವರೆಗೆ

ಮಂಗಳವಾರ

ಇವತ್ತು ಬಾಗಿಲ ತೋರಣದ ಅಳತೆ ಮಾತ್ರ. ಮುಂಬಾಗಿಲ ಚೌಕಟ್ಟು ಒಂದು ಮೊಳೆಯಿಂದ ಇನ್ನೊಂದು ಮೊಳೆಗೆ 40 ಇಂಚು. ದಾರವನ್ನು ಅಷ್ಟಕ್ಕೇ ಕತ್ತರಿಸಿ ಬಿಗಿದು ಕಟ್ಟಿದರೆ ಮೊಳೆ ಕಿತ್ತುಬರುತ್ತದೆ. ದಾರ ನೇರವಾದಷ್ಟೂ ಎಳೆತ ಜಾಸ್ತಿ. ಹಾಗಂತ ಧಾರಾಳವಾಗಿ ಬಿಡುವಂತೆಯೂ ಇಲ್ಲ. 2 ಇಂಚು ಹೆಚ್ಚಿಗೆ ಬಿಟ್ಟರೆ ನಡುವೆ ಸುಮಾರು ಐದೂವರೆ ಇಂಚು ಜೋಲುತ್ತದೆ. 6 ಇಂಚು ಬಿಟ್ಟರೆ ಜೋಲು ಒಂಬತ್ತು ದಾಟಿ, ಎತ್ತರದವರ ತಲೆಗೆ ಹೂ ತಾಗುತ್ತದೆ. ಹಾಗಾಗಿ 42 ಇಂಚು. ಎರಡು ಪಕ್ಕಕ್ಕೆ ಇಳಿಬಿಡುವ ಸರಗಳು 36 ಇಂಚಿನವು. ಒಟ್ಟು 114 ಇಂಚು, ಮೂರೂ ಬೇರೆಬೇರೆ ತುಂಡು. ಒಂದೇ ದಾರದಲ್ಲಿ ಮಾಡಿದರೆ ಒಂದು ಕಡೆ ಕಡಿದರೂ ಪೂರ್ತಿ ಹೊಸ್ತಿಲಿಗೆ ಬೀಳುತ್ತದೆ.

ಮಧ್ಯಮ ಗಾತ್ರದ ಚೆಂಡು ಹೂವನ್ನು ತೊಟ್ಟಿನಿಂದ ನೆತ್ತಿಗೆ ಚುಚ್ಚಿ ಒತ್ತಿದರೆ ಹೆಚ್ಚುಕಡಿಮೆ ಒಂದು ಇಂಚು ತಿನ್ನುತ್ತದೆ. ಲೆಕ್ಕಕ್ಕೆ 115 ಹೂ ಸಾಕು, ಆದರೆ ಐದಕ್ಕೆ ಒಂದು ಬಿಸಾಡುವುದೇ ಆಗುತ್ತದೆ. ಒಂದೂವರೆ ಕೆಜಿ ತರಬೇಕು.

ಬುಧವಾರ

ಚೆಂಡು ಹೂ, ಸೇವಂತಿಗೆ, ಮಾವಿನೆಲೆ ಇವತ್ತೇ. ಇವು ಎರಡು ದಿನ ತಡೆಯುತ್ತವೆ. ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಇವಕ್ಕೂ ಬೆಲೆ ಏರಿರುತ್ತದೆ, ಕನಕಾಂಬರವನ್ನಂತೂ ಕೇಳುವ ಹಾಗೇ ಇರುವುದಿಲ್ಲ. ಮಲ್ಲಿಗೆ ಮೊಗ್ಗಿಗೆ ಮಾತ್ರ ನಾಳೆಯವರೆಗೆ ಕಾಯದೆ ವಿಧಿಯಿಲ್ಲ.

ಚೆಂಡು ಹೂ ಆರಿಸುವಾಗ ಬಣ್ಣ ನೋಡಿ ಮೋಸ ಹೋಗಬಾರದು. ಹೂ ತಿರುವಿ ಹಸಿರು ಬಟ್ಟಲು ಒತ್ತಿ ನೋಡಬೇಕು: ಗಟ್ಟಿಯಿದ್ದರೆ ಹೊಸದು, ಮೆತ್ತಗಿದ್ದರೆ ಒಳಗೆ ಕೊಳೆ ಶುರುವಾಗಿದೆ. ಆಮೇಲೆ ಒಂದು ಹಿಡಿ ಎತ್ತಿ ಕೊಡವಬೇಕು. ನೀರು ಉದುರಿದರೆ ಆ ರಾಶಿ ಬೇಡ. ಶ್ರಾವಣದ ಮಳೆಯೋ, ಅಂಗಡಿಯವರು ಚಿಮುಕಿಸಿದ್ದೋ, ಪಕಳೆಗಳ ಸಂದಿಯಲ್ಲಿ ನಿಂತ ನೀರಿಗೆ ದುಡ್ಡೂ ಕೊಡಬೇಕು, ಮಾರನೆಯ ದಿನ ಹೂವೂ ಕಪ್ಪಾಗುತ್ತದೆ. ಜನ ಹೂ ಬಾಡುತ್ತದೆ ಅಂತ ಹೆದರುತ್ತಾರೆ, ನಿಜವಾಗಿ ಚೆಂಡು ಹೂ ಹಾಳಾಗುವುದು ಕೊಳೆತು.

ಮನೆಗೆ ಬಂದ ಕೂಡಲೇ ಪ್ಲಾಸ್ಟಿಕ್ ಚೀಲದಿಂದ ಸುರಿದು ಪೇಪರ್ ಮೇಲೆ ಒಂದೇ ಪದರವಾಗಿ ಹರಡಿ, ಎರಡು ಗಂಟೆ ಫ್ಯಾನ್ ಹಾಕಿದ್ದಾಯಿತು. ಬಿಗಿದ ಚೀಲದಲ್ಲಿ ಹೂ ತನ್ನಷ್ಟಕ್ಕೆ ಬಿಸಿಯಾಗುತ್ತದೆ, ಕೈ ಹಾಕಿ ನೋಡಿದರೆ ಗೊತ್ತಾಗುತ್ತದೆ. ರಾತ್ರಿ ಬಿದಿರು ಬುಟ್ಟಿಯಲ್ಲಿ, ಬಾಳೆಹಣ್ಣಿನಿಂದ ದೂರ. ಹಣ್ಣಾಗುವ ಬಾಳೆಯಿಂದ ಬರುವ ಎಥಿಲೀನ್ ಅನಿಲ ಎಷ್ಟೋ ಹೂಗಳನ್ನು ಬೇಗ ಬಾಡಿಸುತ್ತದೆ.

ಮಾವಿನೆಲೆ ಬಲಿತದ್ದೇ ಆಗಬೇಕು. ತಾಮ್ರಬಣ್ಣದ ಎಳೆಯ ಎಲೆ ಚೆಂದ ಕಾಣುತ್ತದೆ, ಸಂಜೆಗೆ ಸೋತು ಇಳಿಬೀಳುತ್ತದೆ.

ಗುರುವಾರ

ಚೆಂಡು ಹೂವಿಗೆ ಹೊಲಿಗೆ ಮಷಿನ್ನಿನ ನೂಲು ಬೇಡ. ಭಾರಕ್ಕೆ ಅದು ಹೂವಿನ ಬಟ್ಟಲನ್ನೇ ಕೊಯ್ದು ಹೊರಬರುತ್ತದೆ. ಚೀಲ ಹೊಲಿಯುವ ದಾರ ಸರಿ. ಗಂಟು ಹಾಕಲು ಎರಡು ತುದಿಗೂ ಒಂದೊಂದು ಅಡಿ ಹೆಚ್ಚಿಗೆ ಬಿಡಬೇಕು. ಸೂಜಿ ಐದಾರು ಇಂಚಿನ ಹೂವಿನ ಸೂಜಿ. ದಬ್ಬಣ ದಪ್ಪವಾಗಿ ಹೂವನ್ನು ಸೀಳುತ್ತದೆ.

ಅಡ್ಡ ತೋರಣದಲ್ಲಿ ನಾಲ್ಕು ಹೂವಿಗೊಂದು ಮಾವಿನೆಲೆ, ತೊಟ್ಟಿನ ಕಡೆ ಮಡಚಿ ಎರಡೂ ಪದರ ಚುಚ್ಚಿದ್ದು. ಒಂದೇ ಪದರ ಚುಚ್ಚಿದರೆ ಗಾಳಿಗೆ ಹರಿಯುತ್ತದೆ. ಇಳಿಸರಗಳಲ್ಲಿ ಬೇರೆ ತೊಂದರೆ: ಮೇಲಿನ ಹೂಗಳ ಭಾರ ಕೆಳಗಿನವನ್ನು ಅಪ್ಪಚ್ಚಿ ಮಾಡುತ್ತದೆ. ಹತ್ತು ಹೂವಿಗೊಮ್ಮೆ ಒಂದು ಇಂಚಿನ ತೆಂಗಿನ ಕಡ್ಡಿ ಅಡ್ಡ ಇಟ್ಟು ಗಂಟು ಹಾಕಿದರೆ ಆ ಭಾರ ಅಲ್ಲೇ ನಿಲ್ಲುತ್ತದೆ.

ಮಧ್ಯಾಹ್ನ ಮಲ್ಲಿಗೆ. ಕಾಲು ಕೆಜಿ ಮೊಗ್ಗು, ಅರ್ಧ ಗಂಟೆ ನೀರಲ್ಲಿ ನೆನೆಸಿದ ಬಾಳೆ ನಾರು. ಮಲ್ಲಿಗೆಯನ್ನು ಪೋಣಿಸುವುದಲ್ಲ, ಕಟ್ಟುವುದು. ಎರಡು ಮೊಗ್ಗು ಬಲಕ್ಕೆ ಮುಖ, ಎರಡು ಎಡಕ್ಕೆ, ತೊಟ್ಟುಗಳು ನಡುವೆ ಒಂದರ ಮೇಲೊಂದು. ಅದನ್ನು ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ನಾರನ್ನು ತೊಟ್ಟುಗಳಿಗೆ ಒಂದು ಸುತ್ತು ತಂದು, ಬಲಗೈ ಬೆರಳಲ್ಲಿ ಕುಣಿಕೆ ತಿರುವಿ ತೊಟ್ಟಿಗೆ ಸಿಕ್ಕಿಸಿ ಎಳೆಯಬೇಕು. ಎಳೆತದ ಹದವೇ ಎಲ್ಲ. ಸಡಿಲವಾದರೆ ಸಂಜೆಗೆ ತೊಟ್ಟು ಒಣಗಿ ಹೂ ಉದುರುತ್ತದೆ, ಜೋರಾದರೆ ತೊಟ್ಟು ಕತ್ತರಿಸಿ ಈಗಲೇ ಉದುರುತ್ತದೆ. ಒದ್ದೆ ನಾರು ಸ್ವಲ್ಪ ತಪ್ಪು ಸಹಿಸುತ್ತದೆ, ನೂಲು ಸಹಿಸುವುದಿಲ್ಲ.

ಒತ್ತಾಗಿ ಕಟ್ಟಿ ಸುಮಾರು ನಾಲ್ಕು ಮೊಳ ಬಂತು. ಉಡುಪಿ ಕಡೆ ಮಲ್ಲಿಗೆಗೆ ಮೊಳದ ಲೆಕ್ಕವಿಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಎಣಿಸಿ ಕೊಡುವ ಆ ಪದ್ಧತಿಯೇ ಹೆಚ್ಚು ಪ್ರಾಮಾಣಿಕ. ಸಡಿಲ ಕಟ್ಟಿದರೆ ಮೊಳ ಉದ್ದವಾಗುತ್ತಲ್ಲ!

ಕಟ್ಟಿದ ಹೂ ಬಾಳೆ ಎಲೆಯಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬಿಗೆ.

ಶುಕ್ರವಾರ

ತೋರಣ ಕಟ್ಟಿದ್ದು ಬೆಳಿಗ್ಗೆ ಐದೂವರೆಗೆ. ಮೊದಲು ಅಡ್ಡದ್ದು, ಅದರ ಜೋಲು ನೋಡಿಕೊಂಡು ಪಕ್ಕದವು. ಬಾಳೆಕಂದು ಎರಡೂ ಬದಿ ಒದ್ದೆ ಮರಳಿನ ಬಕೆಟ್ಟಿನಲ್ಲಿ. ಮಲ್ಲಿಗೆ ಕಲಶಕ್ಕೆ ಮಾತ್ರ.

ನಡುಮನೆಯ ಹಿತ್ತಾಳೆ ಉರುಳಿಗೆ ಮುಕ್ಕಾಲು ನೀರು. ಸೇವಂತಿಗೆಯ ತೊಟ್ಟು ಬುಡಕ್ಕೆ ಕತ್ತರಿಸಿ ಮುಖ ಮೇಲಾಗಿ ತೇಲಿಸಬೇಕು. ಅಂಚಿನಿಂದ ಶುರುಮಾಡಿ ಸುತ್ತು ತುಂಬುತ್ತ ನಡುವಿಗೆ ಬರಬೇಕು. ನಡುವಿನಿಂದ ಶುರುಮಾಡಿದವರ ರಂಗೋಲಿ ಐದು ನಿಮಿಷ ನಿಲ್ಲುವುದಿಲ್ಲ, ತೇಲುವ ಹೂ ಪಾತ್ರೆಯ ಗೋಡೆಗೆ ಹೋಗಿ ಅಂಟುತ್ತದೆ. ಅಂಚಿನ ಸುತ್ತು ಒತ್ತಾಗಿದ್ದರೆ ಒಳಗಿನವಕ್ಕೆ ಹೋಗಲು ಜಾಗವಿಲ್ಲ. ಬಿಡಿ ಪಕಳೆ ಹಾಕಲಿಲ್ಲ; ಅವು ಒಂದೇ ದಿನದಲ್ಲಿ ಲೋಳೆಯಾಗಿ ನೀರು ಕೆಡಿಸುತ್ತವೆ.

ಶನಿವಾರ

ಉರುಳಿ ನೀರು ಬದಲಾಯಿಸಿದ್ದಾಯಿತು, ಆರು ಸೇವಂತಿಗೆ ತೆಗೆದದ್ದಾಯಿತು. ಮಲ್ಲಿಗೆ ಕಂದಾಗಿದೆ. ತೋರಣಕ್ಕೆ ನೀರು ಚಿಮುಕಿಸಿಲ್ಲ, ಚಿಮುಕಿಸಲೂಬಾರದು.

ಭಾನುವಾರ

ಅಡ್ಡ ತೋರಣ ಇನ್ನೂ ಗಟ್ಟಿ. ಎಡ ಇಳಿಸರದಲ್ಲಿ ತುದಿಯ ಏಳು ಹೂ ಕಪ್ಪು: ಆ ಕೊನೆಯ ಭಾಗದಲ್ಲಿ ಕಡ್ಡಿ ತಪ್ಪಿ ಹದಿನಾರು ಹೂ ಒಂದೇ ಸಮ ಕೂತಿವೆ. ಎಲ್ಲ ಇಳಿಸಿ, ದಾರ ಎಳೆದು ತೆಗೆದು, ಹೂ ಗೊಬ್ಬರದ ಡ್ರಮ್ಮಿಗೆ ಒಣ ಎಲೆಯ ಜೊತೆ ಪದರ ಪದರವಾಗಿ. ದಾರ ತೊಳೆದು ಒಣಗಿಸಿಟ್ಟಿದೆ.

ಗೌರಿ ಹಬ್ಬಕ್ಕೆ: ಕಡ್ಡಿ ಎಂಟು ಹೂವಿಗೊಂದು, ಇಳಿಸರ 30 ಇಂಚು, ಚೆಂಡು ಹೂ ಒಂದೂಕಾಲು ಕೆಜಿ.