ಅಂಟಿಸಿ ಮುಚ್ಚಿದ ಪುಟ

ಕಳೆದ ಶನಿವಾರ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಮ್ಮನಿಗೂ ಅವರ ಹೈಸ್ಕೂಲಿನ ಗೆಳತಿಯೊಬ್ಬರಿಗೂ ನಡೆದ ನಾಲ್ಕು ಮಾತು ಈ ವಾರವಿಡೀ ನನ್ನ ಕಿವಿಯನ್ನು ಬಿಟ್ಟು ಹೋಗಿಲ್ಲ. ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆಯೆಂದು ತಿಳಿದು ಗೆಳತಿಯರು ನೋಡಲು ಬಂದಿದ್ದರು. ಅವರೆಲ್ಲ 1963ರಲ್ಲಿ ಒಟ್ಟಿಗೆ ಎಸ್ಸೆಸ್ಸೆಲ್ಸಿ ಮುಗಿಸಿದವರು. ಒಬ್ಬರು ಮಾತ್ರ ಮುಗಿಸದೆ ಹೋದವರು. ಆ ಒಬ್ಬರನ್ನು ಅಮ್ಮ ಅಂದಿನಿಂದ ನೋಡಿರಲೇ ಇಲ್ಲ. ರಾಜಾಜಿನಗರದ ಯಾವುದೋ ಮದುವೆಯಲ್ಲಿ ಗುರುತು ಹಿಡಿದ ಗೆಳತಿಯೊಬ್ಬರು ಬಲವಂತ ಮಾಡಿ ಕರೆತಂದಿದ್ದರು. ಎಲ್ಲರೂ ಎಂಬತ್ತರ ಹತ್ತಿರದವರು, ಮೊಮ್ಮಕ್ಕಳ ಮದುವೆ ಮಾಡಿದವರೂ ಇದ್ದಾರೆ. ಆದ್ದರಿಂದ ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ.

ಅಮ್ಮ ಆ ವರ್ಷ ತರಗತಿಯ ಕೈಬರಹದ ಪತ್ರಿಕೆಯ ಸಂಪಾದಕಿ. ಅವೆನ್ಯೂ ರಸ್ತೆಯಲ್ಲಿ ಕೊಂಡ ದಪ್ಪ ರಟ್ಟಿನ ನೋಟುಬುಕ್ಕಿನಲ್ಲಿ, ಬೀಳ್ಕೊಡುಗೆಯ ದಿನ ಓದಲೆಂದು, ತರಗತಿಯ ಪ್ರತಿಯೊಬ್ಬ ಹುಡುಗಿಯ ಮೇಲೂ ಒಂದೊಂದು ಪುಟದ ತಮಾಷೆಯ ಚಿತ್ರವನ್ನು ಅವರು ಬರೆದಿದ್ದರು. ಅದನ್ನು ಬರೆದ ಕಾಲ ಎಂಥದೆಂಬುದನ್ನು ಮರೆತರೆ ಆ ಪುಟಗಳ ಬೆಲೆ ತಿಳಿಯುವುದಿಲ್ಲ. 1962ರ ಅಕ್ಟೋಬರ್ 20ರಂದು ಚೀನಾದ ಸೇನೆ ಲಡಾಖ್ ಮತ್ತು ನೇಫಾ (ಈಗಿನ ಅರುಣಾಚಲ ಪ್ರದೇಶ) ಗಡಿಗಳಲ್ಲಿ ಏಕಕಾಲಕ್ಕೆ ನುಗ್ಗಿತ್ತು. 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನವೆಂಬರಿನಲ್ಲಿ ನೇಫಾದ ಬೊಮ್ಡಿಲಾ ನಮ್ಮ ಕೈಬಿಟ್ಟುಹೋಗಿ, ಅಸ್ಸಾಮಿನ ತೇಜಪುರದಿಂದ ಜನ ಓಡಿ ಊರು ಬರಿದಾಯಿತು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನವಿರಾಮ ಘೋಷಿಸಿದರೂ ಮತ್ತೆ ಯಾವಾಗ ಬರುತ್ತಾರೋ ಎಂಬ ಅಂಜಿಕೆ ಹೋಗಿರಲಿಲ್ಲ. ಅಮ್ಮ ಪುಟ ತುಂಬಿಸಲು ಕುಳಿತದ್ದು ಆ ಡಿಸೆಂಬರಿನಲ್ಲಿ.

ಅಮ್ಮನಿಗೆ ಇನ್ನೂ ಓದುವಂತಿಲ್ಲವಾದ್ದರಿಂದ ನಾನೇ ಗಟ್ಟಿಯಾಗಿ ಓದಿದೆ. ಮೊದಲ ಪುಟ ಮನೆಯಲ್ಲಿ ರೇಡಿಯೋ ಇದ್ದ ಹುಡುಗಿಯದು. ಬೆಳಗಿನ ಪ್ರಾರ್ಥನೆಗೆ ಮೊದಲು ಆಕಾಶವಾಣಿಯವರ ಗತ್ತಿನಲ್ಲಿಯೇ ವಾರ್ತೆ ಒಪ್ಪಿಸುತ್ತಿದ್ದ ಆಕೆಯ ಬಗ್ಗೆ, ‘ತೇಜಪುರದ ಸುದ್ದಿಯನ್ನು ಅಳುತ್ತ ಹೇಳಿದಳು, ಹಿಂದಿ ಟೆಸ್ಟು ಮುಂದಕ್ಕೆ ಹೋದ ಸುದ್ದಿಯನ್ನು ನಗುತ್ತ ಹೇಳಿದಳು, ಎರಡರ ನಡುವೆ ಉಸಿರೂ ತೆಗೆದುಕೊಳ್ಳಲಿಲ್ಲ’ ಎಂದು ಬರೆದಿತ್ತು. ಕೊಡಗಿನಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿಗೆ ಇಡೀ ಶಾಲೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆಯಂತೆ: ಸೇನಾ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ, ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರು ಮತ್ತೆ ಸೇನೆಗೆ ಬರುತ್ತಾರೋ ಇಲ್ಲವೋ? ‘ಅವರನ್ನು ಒಮ್ಮೆಯೂ ಕಂಡಿರದ ಈಕೆ, ಮಕ್ಕಳ ಮನಸ್ಸು ಮುರಿಯಬಾರದೆಂದು, ನಾಳೆ ಕೇಳಿ ಹೇಳುತ್ತೇನೆ ಎನ್ನುತ್ತಾಳೆ.’ ಪರೀಕ್ಷೆಗೆಂದು, ನೆಹರೂ ಮತ್ತು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಒಪ್ಪಿಕೊಂಡಿದ್ದ ಶಾಂತಿಸೂತ್ರವಾದ ಪಂಚಶೀಲದ ಮೇಲೆ ಎಂಟು ಪುಟದ ಪ್ರಬಂಧವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಹುಡುಗಿಯ ಪುಟ ಇನ್ನೂ ಚೆನ್ನ: ‘ಚೌ ಎನ್‌ಲಾಯ್ ನೆಹರೂರವರಿಗೆ ಮಾಡಿದ ದ್ರೋಹ ದೊಡ್ಡದೇ, ಆದರೆ ಇವಳಿಗೆ ಮಾಡಿದ ದ್ರೋಹಕ್ಕೆ ಕ್ಷಮೆಯಿಲ್ಲ.’ ಆಕೆ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು, ಯಾವ ವಿಷಯಕ್ಕೂ ತಕ್ಷಣ ತೀರ್ಪು ಕೊಡುವವರು. ಅಂಥವರು ಕೂಡ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಯೋಧರಿಗಾಗಿ ಸ್ವೆಟರು ಹೆಣೆಯುವ ತಂಡದಲ್ಲಿದ್ದವರೊಬ್ಬರ ಮೇಲೆ, ‘ಇವಳ ಸ್ವೆಟರಿನ ಎಡತೋಳು ಮೊಣಕೈಗೆ ನಿಲ್ಲುತ್ತದೆ, ಬಲತೋಳು ಬೆರಳನ್ನು ದಾಟುತ್ತದೆ, ಅದನ್ನು ತೊಡಬಲ್ಲ ಜವಾನ ಸಿಕ್ಕಿದರೆ ಅವನನ್ನು ಕಂಡೇ ಶತ್ರು ಓಡುತ್ತಾನೆ’ ಎಂದಿತ್ತು.

ಹದಿನಾರರ ಹುಡುಗಿಯೊಬ್ಬಳು ಅಂಥ ದಿನಗಳಲ್ಲಿ ಇಷ್ಟು ಪ್ರೀತಿಯಿಂದ ಜೊತೆಯವರನ್ನು ನೋಡಿದ್ದಳಲ್ಲ ಎಂದು ನನಗೆ ಅಮ್ಮನ ಮೇಲೆ ಹೆಮ್ಮೆಯೆನಿಸಿತು. ಯಾರನ್ನೂ ಅವರು ವೀರವನಿತೆಯಾಗಿಸಿಲ್ಲ. ಆಗಿನ ಭಾಷಣಗಳಲ್ಲೆಲ್ಲ ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ ಬರುತ್ತಿದ್ದರಂತೆ. ಈ ನೋಟುಬುಕ್ಕಿನಲ್ಲಿ ಇರುವವರು ಮಾತ್ರ ಕೊಟ್ಟ ಮಾತನ್ನು ಮರೆಯುವ, ಊಟದ ಡಬ್ಬಿ ಕದಿಯುವ, ಹೆದರಿದರೂ ತೋರಿಸಿಕೊಳ್ಳದ ಹುಡುಗಿಯರು.

ಹೀಗೆ ಓದುತ್ತ ಹೋದಾಗ ಒಂದು ಪುಟ ಮಿಕ್ಕವಕ್ಕಿಂತ ದಪ್ಪವಾಗಿ ಕೈಗೆ ಸಿಕ್ಕಿತು. ಅದರ ಮೇಲೆ ಬೇರೊಂದು ಹಾಳೆಯನ್ನು ಮೈದಾಹಿಟ್ಟಿನ ಅಂಟಿನಿಂದ ಮೆತ್ತಿ, ಆ ಹಾಳೆಯಲ್ಲಿ ಬಳ್ಳಿ ಹೂವಿನ ಚಿತ್ರ ಬರೆದಿದ್ದರು. ಅಂಟು ಒಣಗಿ ಒಂದು ಅಂಚು ಬಿಟ್ಟುಕೊಂಡಿತ್ತು. ‘ಅದನ್ನ ಬಿಡು, ಮುಂದಿನದು ಓದು’ ಎಂದರು ಅಮ್ಮ, ಅವರ ಸ್ವಭಾವಕ್ಕೆ ಒಗ್ಗದ ಅವಸರದಲ್ಲಿ. ಮೂಲೆಯಲ್ಲಿ ಅಷ್ಟು ಹೊತ್ತೂ ಎಲ್ಲರ ಪುಟಕ್ಕೂ ನಗುತ್ತ, ತಮ್ಮ ಪುಟವನ್ನು ಕೇಳದೆ ಕುಳಿತಿದ್ದ, ಎಸ್ಸೆಸ್ಸೆಲ್ಸಿ ಮುಗಿಸದೆ ಹೋದ ಆ ಗೆಳತಿ ಹೇಳಿದರು: ‘ಬಿಡಬೇಡಮ್ಮ, ಓದು. ಅದು ನಂದೇ ಇರಬೇಕು.’

ಅವರದೇ ಆಗಿತ್ತು. ಅವರು ನಗರ್ತಪೇಟೆಯ ಅಕ್ಕಸಾಲಿಗರ ಮನೆಯ ಮಗಳು. ಕಾಳಮ್ಮನ ಗುಡಿಯ ಹತ್ತಿರವೇ ಮನೆ, ಮನೆಯ ಮುಂಭಾಗದಲ್ಲಿಯೇ ತಂದೆಯ ಕುಲುಮೆ. ಮೇಲಿನ ಹಾಳೆಯನ್ನು ಮೆಲ್ಲನೆ ಎತ್ತಿ ಓದಿದೆ. ‘ಒರೆಗಲ್ಲು ಇವಳ ಕಣ್ಣಿನಲ್ಲೇ ಇದೆ. ನಮ್ಮ ಲೆಕ್ಕದ ಟೀಚರ ಸರ ಗಿಲೀಟೆಂದು ಮೊದಲ ದಿನವೇ ಕಂಡುಹಿಡಿದು, ವರ್ಷವಿಡೀ ಆ ರಹಸ್ಯವನ್ನು ಕಾಪಾಡಿದ ಏಕೈಕ ವಿದ್ಯಾರ್ಥಿನಿ. ಚೀನಾದ ಸೇನಾಪತಿ ಬೆಂಗಳೂರಿನವರೆಗೆ ಬಂದರೂ ಭಯಪಡಬೇಕಾದ್ದಿಲ್ಲ. ಅವನ ಎದೆಯ ಮೇಲಿನ ಪದಕಗಳನ್ನು ಇವಳು ಒಮ್ಮೆ ನೋಡಿ, ಇದು ಗಿಲೀಟು ಎಂದರೆ ಅವನು ನಾಚಿ ಹಿಂದಕ್ಕೆ ಹೋಗುತ್ತಾನೆ. ನಮ್ಮೆಲ್ಲರ ತಾಳಿಯೂ ಇವಳ ತಂದೆಯವರ ಕೈಯಲ್ಲೇ ಆಗಬೇಕೆಂದು ತರಗತಿ ಒಮ್ಮತದಿಂದ ತೀರ್ಮಾನಿಸಿದೆ. ಮಜೂರಿಯಲ್ಲಿ ರಿಯಾಯಿತಿ ಕೊಡುವುದಾಗಿ ಇವಳು ಮಾತು ಕೊಟ್ಟಿದ್ದಾಳೆ.’

ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಅವರೇ. ನಕ್ಕು ಸುಧಾರಿಸಿಕೊಂಡ ಮೇಲೆ ಕೇಳಿದರು: ‘ಇದನ್ನ ಯಾಕೆ ಮುಚ್ಚಿದೆ?’

‘ನಿನಗೆ ನೋವಾಗುತ್ತೇಂತ ಕಣೇ.’

‘ನಾನು ಆಗಲೇ ಸ್ಕೂಲು ಬಿಟ್ಟಾಗಿತ್ತಲ್ಲೇ. ನೀವೆಲ್ಲ ಇದನ್ನ ಓದಿ ನಕ್ಕಿದ್ದರೆ ನಾನೂ ಕ್ಲಾಸಿನಲ್ಲಿ ಇದ್ದ ಹಾಗಾಗುತ್ತಿತ್ತು.’

ಅಮ್ಮ ಉತ್ತರ ಕೊಡಲಿಲ್ಲ. ಅವರು ಯಾಕೆ ಮುಚ್ಚಿದರೆಂದು ಆ ಕಾಲದವರಿಗೆ ಹೇಳಬೇಕಾಗಿಲ್ಲ, ನನ್ನ ಓರಗೆಯವರಿಗೆ ಹೇಳಬೇಕು. ಅಮ್ಮ ಆ ಪುಟ ಬರೆದು ಮುಗಿಸಿದ ಮೇಲೆ, 1963ರ ಜನವರಿಯಲ್ಲಿ, ಚಿನ್ನ ನಿಯಂತ್ರಣ ನಿಯಮ ಜಾರಿಗೆ ಬಂತು. ಅರ್ಥಸಚಿವರಾಗಿದ್ದ ಮೊರಾರ್ಜಿ ದೇಸಾಯಿಯವರು ತಂದ ನಿಯಮ ಅದು. ವಿದೇಶಿ ವಿನಿಮಯ ಉಳಿಯಬೇಕು, ಕಳ್ಳಸಾಗಣೆ ನಿಲ್ಲಬೇಕು, ಜನರಿಗೆ ಚಿನ್ನದ ಮೇಲಿನ ಆಸೆ ಕಡಿಮೆಯಾಗಬೇಕು ಎಂಬ ಉದ್ದೇಶದಿಂದ, 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧವಾದ ಹೊಸ ಒಡವೆಯನ್ನು ಯಾರೂ ಮಾಡಕೂಡದೆಂದು ಕಟ್ಟಳೆ ಮಾಡಲಾಯಿತು. ನಮ್ಮ ಮನೆಗಳಲ್ಲಿ ಒಡವೆಯೆಂದರೆ 22 ಕ್ಯಾರೆಟ್. 14 ಕ್ಯಾರೆಟ್ ಎಂದರೆ ನೂರರಲ್ಲಿ ಐವತ್ತೆಂಟು ಪಾಲು ಮಾತ್ರ ಚಿನ್ನ, ಮಿಕ್ಕದ್ದು ತಾಮ್ರ, ಬೆಳ್ಳಿ; ಆ ಲೋಹ ಗಡಸು, ತಲೆಮಾರುಗಳಿಂದ ಮೆತ್ತನೆಯ ಚಿನ್ನಕ್ಕೆ ಪಳಗಿದ ಕೈಗೂ ಸುತ್ತಿಗೆಗೂ ಅದು ಬಗ್ಗುವುದಿಲ್ಲ. ಬಗ್ಗಿಸಿದರೂ ಕೊಳ್ಳುವವರಿಲ್ಲ, ಮಗಳ ತಾಳಿಯನ್ನು ಅರೆಚಿನ್ನದಲ್ಲಿ ಮಾಡಿಸಲು ಯಾವ ತಾಯಿಯೂ ಒಪ್ಪಲಿಲ್ಲ. ದೇಶದಾದ್ಯಂತ ಅಕ್ಕಸಾಲಿಗರ ಮನೆಗಳಲ್ಲಿ ಕುಲುಮೆ ಆರಿತು, ಹಸಿವಿನಿಂದಲೂ ಹತಾಶೆಯಿಂದಲೂ ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ವರ್ಷದ ಕೊನೆಯ ಭಾಗದಲ್ಲಿ ಕೆಲವು ಸಡಿಲಿಕೆಗಳಾದವು. 14 ಕ್ಯಾರೆಟ್‌ನ ಮಿತಿ ಹೋದದ್ದು 1966ರಲ್ಲಿ. 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯ ರೂಪ ಪಡೆದ ನಿಯಂತ್ರಣ ಪೂರ್ತಿ ತೊಲಗಿದ್ದು 1990ರಲ್ಲಿ.

ಆ ಹುಡುಗಿ ಫೆಬ್ರವರಿಯಲ್ಲಿ, ಪರೀಕ್ಷೆಯ ಹೊಸ್ತಿಲಲ್ಲಿ, ಶಾಲೆ ಬಿಟ್ಟರು. ಮನೆಯಲ್ಲಿ ತಾಯಿಯ ಜೊತೆ ಊದುಬತ್ತಿ ಹೊಸೆದರು, ಆಮೇಲೆ ಹೊಲಿಗೆ ಕಲಿತರು. ಅಣ್ಣ ಕುಲಕಸುಬು ಬಿಟ್ಟು ಎಚ್‌ಎಂಟಿ ಗಡಿಯಾರ ಕಾರ್ಖಾನೆ ಸೇರಿದರು. ತಂದೆ ಒಂದು ಬಟ್ಟೆ ಅಂಗಡಿಯಲ್ಲಿ ಥಾನುಗಳನ್ನು ಇಳಿಸಿ ಏರಿಸುವ ಕೆಲಸಕ್ಕೆ ಹೋದರು. ಇದನ್ನೆಲ್ಲ ಅವರು ಹೇಳಿದ್ದು ಕಾಫಿ ಕುಡಿಯುತ್ತ, ಮಧ್ಯೆ ಮಧ್ಯೆ ಕೋಡುಬಳೆಯ ಹದವನ್ನು ಹೊಗಳುತ್ತ.

ಆ ವರ್ಷ ರಾಷ್ಟ್ರೀಯ ರಕ್ಷಣಾ ನಿಧಿಗೆ ಬಳೆ, ಉಂಗುರ, ಓಲೆ ಬಿಚ್ಚಿಕೊಟ್ಟ ಹುಡುಗಿಯರ ಹೆಸರನ್ನು ಶಾಲೆಯ ಫಲಕದಲ್ಲಿ ಬರೆದಿದ್ದರಂತೆ. ಕೊಟ್ಟದ್ದು ಸಣ್ಣದೆಂದು ನಾನು ಹೇಳುವುದಿಲ್ಲ. ಅಮ್ಮನೂ ಒಂದು ಜೊತೆ ಓಲೆ ಕೊಟ್ಟಿದ್ದರು. ಆದರೆ ಒಂದು ಕುಟುಂಬ ತನ್ನ ಇಡೀ ಕಸುಬನ್ನೇ ಕಳೆದುಕೊಂಡಾಗ ಅದಕ್ಕೆ ಫಲಕವಿರಲಿಲ್ಲ, ಮೆರವಣಿಗೆಯಿರಲಿಲ್ಲ. ಅವರೇನೂ ಕೊಡುತ್ತೇವೆ ಎಂದಿರಲಿಲ್ಲ, ಅವರಿಂದ ತೆಗೆದುಕೊಳ್ಳಲಾಯಿತು. ಯುದ್ಧದ ಖರ್ಚನ್ನು ಯಾರು ಎಷ್ಟು ತೆತ್ತರು ಎಂಬ ಲೆಕ್ಕದಲ್ಲಿ ಗಡಿಯ ಯೋಧ ಬರುತ್ತಾನೆ, ಬರಲೇಬೇಕು. ನಗರ್ತಪೇಟೆಯ ಅಕ್ಕಸಾಲಿ ಯಾಕೆ ಬರಬಾರದು ಎಂಬುದು ನನ್ನ ಪ್ರಶ್ನೆ.

ಇದರ ಜೊತೆಗೇ ಅಮ್ಮನ ವಿಷಯವೂ ನನ್ನನ್ನು ಕಾಡುತ್ತಿದೆ. ಬ್ಯಾಂಕಿನ ಗೆಳತಿ ಹೊರಡುವಾಗ, ‘ನಿಮ್ಮಮ್ಮ ಮಾಡಿದ್ದು ಸರಿ, ಮನೆ ಮುಳುಗಿದವಳ ಮೇಲೆ ತಮಾಷೆ ಓದೋಕಾಗುತ್ತಾ?’ ಎಂದು ನನ್ನ ಕೈ ಹಿಡಿದು ಹೇಳಿದರು. ಸಹೃದಯರ ಮಾತು, ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ತರಗತಿಯಲ್ಲಿ ಎಲ್ಲರಿಗೂ ಸಿಕ್ಕ ಕೀಟಲೆ ಒಬ್ಬಳಿಗೆ ಮಾತ್ರ ಸಿಗದಂತೆ ಮಾಡುವುದು, ಅವಳ ಕಷ್ಟವನ್ನು ಕಂಡು ಅವಳನ್ನೇ ಸಾಲಿನಿಂದ ಆಚೆ ಕೂರಿಸಿದಂತೆ. ಬೀಳ್ಕೊಡುಗೆಯ ದಿನ ರೇಡಿಯೋ ಹುಡುಗಿಯೂ ಸ್ವೆಟರಿನ ಹುಡುಗಿಯೂ ತಮ್ಮ ಪುಟವನ್ನು ಕೇಳಿ ನಕ್ಕಾಗ ಅವರಿಗೆ ಸಿಕ್ಕದ್ದು, ತಾವು ಇವರಿಗೆ ಗೊತ್ತು ಎಂಬ ಭರವಸೆ. ಅಕ್ಕಸಾಲಿಗರ ಮಗಳಿಗೆ ಆ ಫೆಬ್ರವರಿಯಲ್ಲಿ ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು, ಅವಳಿಗೆ ಸಿಕ್ಕಿದ್ದು ಬಳ್ಳಿ ಹೂವಿನ ಚಿತ್ರ. ಅಮ್ಮ ಕೇಡು ಬಗೆಯಲಿಲ್ಲ, ಬಲ್ಲೆ. ಅಂಟು ಹಚ್ಚುವಾಗ ಅತ್ತಿದ್ದರೆಂದು ಅವರೇ ಹೇಳಿದರು. ಆದರೆ ಹಾಳೆ ಮೆತ್ತುವ ಬದಲು ನಗರ್ತಪೇಟೆಯವರೆಗೆ ನಡೆದು ಹೋಗಿ, ಆ ಪುಟವನ್ನು ಆ ಗೆಳತಿಯೆದುರೇ ಓದಬಹುದಾಗಿತ್ತು, ದೂರವೇನೂ ಅಲ್ಲ. ನಾವು ಇವತ್ತಿಗೂ ಹೀಗೆಯೇ ಮಾಡುತ್ತೇವೆ. ಕೆಲಸ ಕಳೆದುಕೊಂಡವರ ಎದುರು ಕೆಲಸದ ಮಾತೆತ್ತುವುದಿಲ್ಲ, ಮಗನನ್ನು ಕಳೆದುಕೊಂಡವರ ಎದುರು ಆ ಹುಡುಗನ ಚೇಷ್ಟೆಗಳನ್ನು ನೆನೆಯುವುದಿಲ್ಲ, ಅದನ್ನು ಸೂಕ್ಷ್ಮತೆ ಎನ್ನುತ್ತೇವೆ; ಅತ್ತ ಅವರು ಯಾರಾದರೂ ಆ ಹೆಸರೆತ್ತಲಿ ಎಂದು ಕಾದು ಕುಳಿತಿರುತ್ತಾರೆ.

ನೋಟುಬುಕ್ಕಿನ ನಕಲು ಎಲ್ಲರಿಗೂ ಬೇಕೆಂದು ಕೇಳಿದ್ದಾರೆ. ಅಂಟಿಸಿದ ಹಾಳೆಯನ್ನು ಪೂರ್ತಿ ಬಿಡಿಸಿಯೇ ನಕಲು ಮಾಡಿಸಬೇಕೆಂದು ಅಮ್ಮ ತಾವಾಗಿಯೇ ಹೇಳಿದರು. ಬುಧವಾರ ಆ ಗೆಳತಿ ಫೋನು ಮಾಡಿ ಒಂದು ತಿದ್ದುಪಡಿ ಸೂಚಿಸಿದರು: ಗಿಲೀಟು ಸರ ಲೆಕ್ಕದ ಟೀಚರದಲ್ಲ, ಭೂಗೋಳದವರದು, ಲೆಕ್ಕದವರದು ಅಪ್ಪಟ 22 ಕ್ಯಾರೆಟ್, ಎರಡೆಳೆಯದು, ಪಾಪ, ಅವರ ಮೇಲೆ ಯಾಕೆ ಅಪವಾದ? ಬರೆದದ್ದನ್ನು ತಿದ್ದುವುದಿಲ್ಲವೆಂದು ಸಂಪಾದಕಿ ಹಟ ಹಿಡಿದಿದ್ದಾರೆ. ತಿದ್ದದಿದ್ದರೆ ಮಜೂರಿಯ ರಿಯಾಯಿತಿ ರದ್ದು ಎಂದು ಅತ್ತಲಿಂದ ಉತ್ತರ ಬಂದಿದೆ. ನಕಲು ಮಾಡಿಸುವ ಕೆಲಸ ಸದ್ಯಕ್ಕೆ ನಿಂತಿದೆ.