ಅಕ್ಕಿ ಕಾಳಿನಷ್ಟು ಪೇಸ್ಟು

ನಮ್ಮೂರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಬೆಳೆದವರಿಗೆ ಫ್ಲೋರೈಡ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಜ್ಜಿಯ ಹಲ್ಲಿನ ಮೇಲೆ ಕಂದು ಪಟ್ಟಿ ಇತ್ತು. ನನ್ನ ಮುಂದಿನ ಎರಡು ಹಲ್ಲಿನ ಮೇಲೂ ಇದೆ. ಫ್ಲೋರೈಡ್ ಹೆಚ್ಚಿದ್ದ ಬೋರ್‌ವೆಲ್ ನೀರು ಕುಡಿದು ಬೆಳೆದ ಗುರುತು ಅದು. ಮಂಡಿ ಮಡಿಸಲಾಗದೆ ಇಡೀ ದಿನ ಜಗಲಿ ಮೇಲೇ ಕೂತಿರುತ್ತಿದ್ದ ಹಿರಿಯರನ್ನೂ ನೋಡಿದ್ದೇನೆ. ಹಾಗಾಗಿ ಮಗ ಹುಟ್ಟಿದಾಗಲೇ ತೀರ್ಮಾನ ಮಾಡಿದ್ದೆ, ಫ್ಲೋರೈಡ್ ಇರುವ ಪೇಸ್ಟು ನಮ್ಮ ಮನೆಯೊಳಗೆ ಬರಬಾರದು ಅಂತ.

ಅದರ ನೋವು ತಿಂದವನು ನನ್ನ ಮಗ.

ಆಗ ನಾವು ಬೆಂಗಳೂರಲ್ಲಿದ್ದೆವು. ಫ್ಲೋರೈಡ್ ಇಲ್ಲದ ಯಾವುದೋ ಹಲ್ಲುಪುಡಿಯನ್ನು ಬೆಳಿಗ್ಗೆ ಒಂದು ಸಲ ಬೆರಳಲ್ಲಿ ತಿಕ್ಕಿ ಮುಗಿಸುತ್ತಿದ್ದೆ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದ. ಅವನಿಗೆ ನಾಲ್ಕು ವರ್ಷವಾದಾಗ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬಂದೆವು. ಇಲ್ಲಿ ಮಗುವನ್ನು ಹಲ್ಲಿನ ಡಾಕ್ಟರ ಬಳಿ ನೋಂದಾಯಿಸುವುದು ವಾಡಿಕೆ, ಖರ್ಚೂ ಇಲ್ಲ. ಡಾಕ್ಟರಮ್ಮ ಅವನ ಮೇಲ್ದುಟಿಯನ್ನು ಬೆರಳಲ್ಲಿ ಸ್ವಲ್ಪ ಎತ್ತಿ ನನ್ನನ್ನು ಹತ್ತಿರ ಕರೆದರು. ಒಸಡಿನ ಅಂಚಿಗೆ ಸೇರಿದಂತೆ ಮುಂದಿನ ನಾಲ್ಕೂ ಹಲ್ಲು ಹುಳುಕು. ದಿನಾ ಮುಖ ತೊಳೆಸುವ ನಾನು ತುಟಿ ಎತ್ತಿ ನೋಡಿಯೇ ಇರಲಿಲ್ಲ.

ಎರಡು ಹಲ್ಲು ಕೀಳಲೇಬೇಕಾಯಿತು. ಅಷ್ಟು ಚಿಕ್ಕ ಮಕ್ಕಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಕೀಳುತ್ತಾರೆ. ಮುಖಕ್ಕೆ ಮಾಸ್ಕ್ ಇಟ್ಟಾಗ ಅವನು ನನ್ನ ಹೆಬ್ಬೆರಳು ಹಿಡಿದುಕೊಂಡಿದ್ದ. ಹಿಡಿತ ಸಡಿಲವಾದ ಮೇಲೆ ನನ್ನನ್ನು ಹೊರಗೆ ಕಳಿಸಿದರು. ಎದ್ದ ಮೇಲೆ ಖಾಲಿ ಜಾಗವನ್ನು ನಾಲಿಗೆಯಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಎರಡು ದಿನ ಹಾಲಲ್ಲಿ ನೆನೆಸಿದ ಇಡ್ಲಿ ಬಿಟ್ಟು ಬೇರೇನೂ ತಿನ್ನಲಿಲ್ಲ. ಹಾಲುಹಲ್ಲು ಹೇಗೂ ಬಿದ್ದುಹೋಗುತ್ತೆ ಬಿಡು ಅಂತ ಊರಲ್ಲಿ ಎಷ್ಟು ಸಲ ಕೇಳಿದ್ದೇನೋ. ಬೀಳುವವರೆಗೆ ಮಗು ಅದರಲ್ಲೇ ತಿನ್ನಬೇಕು, ಮಾತಾಡಬೇಕು, ರಾತ್ರಿ ನೋವಿಲ್ಲದೆ ಮಲಗಬೇಕು.

ಮರುವರ್ಷ ಮಗಳು ಇಲ್ಲೇ ಹುಟ್ಟಿದಳು. ಮನೆಗೇ ಬಂದು ಮಗುವನ್ನು ನೋಡಿಕೊಂಡು ಹೋಗುವ ನರ್ಸಮ್ಮ ಒಂದು ಪುಟ್ಟ ಚೀಲ ಕೊಟ್ಟರು. ಒಳಗೆ ಬೆರಳುದ್ದದ ಬ್ರಶ್ಶು, ಒಂದು ಪೇಸ್ಟು. ಸ್ಕಾಟ್ಲೆಂಡ್ ಸರ್ಕಾರದ ‘ಚೈಲ್ಡ್‌ಸ್ಮೈಲ್’ ಅನ್ನೋ ಯೋಜನೆ ಅದು. ಟ್ಯೂಬಿನ ಹಿಂದೆ ಫ್ಲೋರೈಡ್ ಅಂತ ಓದಿದವಳೇ ವಾಪಸ್ ಕೊಟ್ಟೆ. ತುಟಿ ಸರಿಸಿ ನನ್ನ ಹಲ್ಲು ತೋರಿಸಿದೆ. ಅವರು ವಾದ ಮಾಡಲಿಲ್ಲ. ಮೊದಲ ಹಲ್ಲು ಬಂದಾಗ ಡಾಕ್ಟರನ್ನು ಕೇಳಿ ಅಂದು ಚೀಲವನ್ನು ಮೇಜಿನ ಮೇಲೇ ಬಿಟ್ಟು ಹೋದರು.

ಡಾಕ್ಟರಮ್ಮ ಲೆಕ್ಕ ಬರೆದು ತೋರಿಸಿದರು. 1000 ಪಿಪಿಎಂ ಪೇಸ್ಟು ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್. ಮೂರು ವರ್ಷದೊಳಗಿನ ಮಗುವಿಗೆ ಹಾಕಬೇಕಾದ್ದು ಅಕ್ಕಿ ಕಾಳಿನಷ್ಟು, ಬ್ರಶ್ಶಿನ ಮೇಲೆ ಸವರಿದಂತೆ. ಅದು ಸುಮಾರು 0.1 ಗ್ರಾಂ. ದಿನಕ್ಕೆ ಎರಡು ಸಲ ಹಾಕಿ ಮಗು ಪೂರ್ತಿ ನುಂಗಿದರೂ 0.2 ಮಿಲಿಗ್ರಾಂ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ ಆ ಮಿತಿ ದಾಟಿದವು. ಲೀಟರಿಗೆ 3 ಮಿಲಿಗ್ರಾಂ ಇದೆ ಅಂದುಕೊಳ್ಳಿ. ಮಗು ಒಂದು ಲೀಟರ್ ಕುಡಿದರೆ 3 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ಅದೇ ನೀರಲ್ಲಿ ಬೇಯಿಸಿದ ಅನ್ನ ಸಾರಿನ ಲೆಕ್ಕ ಬೇರೆ. ದಿನಾ, ವರ್ಷಗಟ್ಟಲೆ.

ಆ ಕಾಗದ ನೋಡುತ್ತಾ ಸುಮ್ನೆ ಕೂತಿದ್ದೆ. ನಾನು ಹೆದರಿದ್ದು ತಪ್ಪಲ್ಲ. ನೀರಲ್ಲಿ ಹೆಚ್ಚಾಗಿ ಬಂದ ಫ್ಲೋರೈಡ್ ಹೊಟ್ಟೆ ಸೇರಿ, ರಕ್ತದ ಮೂಲಕ ಒಸಡಿನೊಳಗೆ ಇನ್ನೂ ತಯಾರಾಗುತ್ತಿರುವ ಹಲ್ಲನ್ನು ಕೆಡಿಸುತ್ತೆ. ಆದರೆ ಪೇಸ್ಟಿನ ಕೆಲಸವೆಲ್ಲ ಹಲ್ಲಿನ ಹೊರಮೈ ಮೇಲೆ. ತಿಂದ ಸಿಹಿಯನ್ನು ಬಾಯಿಯ ಬ್ಯಾಕ್ಟೀರಿಯಾ ಹುಳಿ ಮಾಡುತ್ತವೆ, ಆ ಹುಳಿ ಹಲ್ಲಿನ ಗಟ್ಟಿ ಪದರವನ್ನು ಚೂರುಚೂರೇ ಕರಗಿಸುತ್ತೆ. ಕರಗಿದ್ದನ್ನು ಎಂಜಲು ಮತ್ತೆ ತುಂಬಿಕೊಡುತ್ತೆ, ಫ್ಲೋರೈಡ್ ಇದ್ದರೆ ಆ ರಿಪೇರಿ ಚೆನ್ನಾಗಿ ಆಗುತ್ತೆ. ಗ್ಲಾಸ್ಗೋಗೆ ನೀರು ಬರುವುದು ಲಾಖ್ ಕ್ಯಾಟ್ರಿನ್ ಅನ್ನೋ ಬೆಟ್ಟದ ಸರೋವರದಿಂದ. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ನೀರಿಗೇ ಬೆರೆಸೋಣ ಅಂತ ಇಲ್ಲಿನ ಆಡಳಿತ ಹೊರಟಿತ್ತಂತೆ. ಊರಿನ ಒಬ್ಬ ಹಿರಿಯ ಮಹಿಳೆ ಕೋರ್ಟಿಗೆ ಹೋದರು, ಬೆರೆಸುವ ಅಧಿಕಾರ ನಿಮಗಿಲ್ಲ ಅಂತ 1983ರಲ್ಲಿ ತೀರ್ಪು ಬಂತು. ಆಮೇಲೂ ಇಲ್ಲಿ ನೀರಿಗೆ ಬೆರೆಸಲಿಲ್ಲ. ಉಳಿದಿರುವ ದಾರಿ ಬ್ರಶ್ಶು, ಪೇಸ್ಟು.

ಆ ದಾರಿಯನ್ನು ಇವರು ಎಷ್ಟು ಶ್ರದ್ಧೆಯಿಂದ ಹಿಡಿದಿದ್ದಾರೆ ಅನ್ನೋದು ಮಗಳು ನರ್ಸರಿಗೆ ಸೇರಿದ ಮೇಲೆ ಗೊತ್ತಾಯಿತು. ಒಂದು ದಿನ ಬೇಗ ಹೋಗಿದ್ದೆ. ತಿಂಡಿ ಮುಗಿಸಿದ ಮಕ್ಕಳೆಲ್ಲ ಸುತ್ತ ಕೂತಿದ್ದರು. ಪ್ರತಿ ಮಗುವಿನ ಬ್ರಶ್ಶಿಗೂ ಒಂದೊಂದು ಚಿತ್ರದ ಗುರುತು, ನನ್ನ ಮಗಳದು ಬಾತುಕೋಳಿ. ಟೀಚರು ಒಂದು ತಟ್ಟೆ ಮೇಲೆ ದೂರ ದೂರ ಬಟಾಣಿಯಷ್ಟು ಪೇಸ್ಟು ಇಟ್ಟು, ಒಬ್ಬೊಬ್ಬರ ಬ್ರಶ್ಶಿಗೂ ಬೇರೆ ಬೇರೆಯಾಗಿ ತೆಗೆದುಕೊಟ್ಟರು. ನೀರಿಲ್ಲ, ಸಿಂಕಿಲ್ಲ. ಎಲ್ಲರೂ ಒಟ್ಟಿಗೆ ಉಜ್ಜಿ ಕಾಗದದ ಟವೆಲ್ಲಿಗೆ ಉಗುಳಿದರು. ಆಮೇಲೆ ಟೀಚರು ಬ್ರಶ್ಶುಗಳನ್ನು ನಲ್ಲಿ ಕೆಳಗೆ ತೊಳೆದು, ಒಂದಕ್ಕೊಂದು ತಾಗದಂತೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಐದೇ ನಿಮಿಷದ ಕೆಲಸ. ಮನೆಯಲ್ಲಿ ಬಾಯಿ ಬಿಗಿದುಕೊಂಡು ಅಳುವ ನನ್ನ ಮಗಳು ಅಲ್ಲಿ ಪಕ್ಕದ ಹುಡುಗನಿಗೆ ಬಾಯಿ ಅಗಲಿಸೋದು ಹೇಗೆ ಅಂತ ತೋರಿಸುತ್ತಿದ್ದಳು!

2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದನೇ ತರಗತಿಗೆ ಬರುವ ನೂರು ಮಕ್ಕಳಲ್ಲಿ ಹುಳುಕಿಲ್ಲದವರು 45 ಮಂದಿ. 2020ರ ಹೊತ್ತಿಗೆ ಅದು ಮುಕ್ಕಾಲು ಪಾಲಿನ ಹತ್ತಿರ ಬಂದಿತ್ತು. ಅಂಗನವಾಡಿಯಲ್ಲಿ ಮೊಟ್ಟೆ ಕೊಡುವ ನಮ್ಮಲ್ಲಿ ಇದೂ ಆಗಬಹುದಲ್ವಾ ಅಂತ ಆಸೆಯಾಗುತ್ತೆ.

ಆದರೆ ರಾತ್ರಿ ಉಜ್ಜಿಸುವುದು ಮನೆಯವರ ಪಾಲು. ಅಲ್ಲೇ ನಾನು ಸೋಲುತ್ತಿದ್ದೆ. ಎದುರಿಗೆ ನಿಂತು ಗದರುತ್ತಿದ್ದೆ, ಅವಳು ತಲೆ ಆ ಕಡೆ ಈ ಕಡೆ ಆಡಿಸುತ್ತಿದ್ದಳು. ಅದನ್ನು ಸರಿಮಾಡಿದ್ದು ಊರಿಂದ ಬಂದ ನಮ್ಮಮ್ಮ. ಮೂರು ದಿನ ನೋಡಿದರು. ನಾಲ್ಕನೇ ದಿನ, “ಎದುರಿಗೆ ನಿಂತರೆ ಮಗು ಹೆದರಲ್ವೇನೇ, ಕೊಡಿಲ್ಲಿ” ಅಂದು ಬ್ರಶ್ಶು ಕಿತ್ತುಕೊಂಡರು. ನೆಲದ ಮೇಲೆ ಕಾಲು ಚಾಚಿ ಕೂತು, ಕೂಸಿಗೆ ಎಣ್ಣೆ ಹಚ್ಚುವಾಗ ಮಲಗಿಸಿಕೊಳ್ಳುತ್ತಾರಲ್ಲ, ಹಾಗೆ ಅವಳನ್ನು ಅಂಗಾತ ಮಲಗಿಸಿಕೊಂಡರು. ತಲೆ ಅಮ್ಮನ ತೊಡೆ ಮೇಲೆ, ಕಾಲು ಆ ಕಡೆ. ಎಡಗೈಯಲ್ಲಿ ಗಲ್ಲ ಹಿಡಿದು, ಬೆರಳಲ್ಲಿ ತುಟಿ ಸರಿಸಿ ಶುರು ಮಾಡಿದರು. “ಈ ಹಲ್ಲು ಮುದ್ದೆ ನುಂಗ್ತು. ಈ ಹಲ್ಲು ದೋಸೆ ತಿಂತು. ಈ ಹಿಂದಿನ ಕಳ್ಳಿ ನೋಡು, ಯಾರಿಗೂ ಹೇಳದೆ ಬೆಲ್ಲ ತಿಂದವಳೆ!” ಮಗಳು ಬಾಯಿ ತೆರೆದುಕೊಂಡೇ ನಕ್ಕಳು. ಆ ನಗುವಿನಲ್ಲಿ ಹಿಂದಿನ ದವಡೆ ಹಲ್ಲು ಪೂರ್ತಿ ಕಂಡಿತು. ನಾನು ಅಷ್ಟು ದಿನ ಬ್ರಶ್ಶನ್ನು ಅಲ್ಲಿವರೆಗೆ ತಲುಪಿಸಿಯೇ ಇರಲಿಲ್ಲ.

ಮುಂದಿನ ಸಲ ಡಾಕ್ಟರಮ್ಮನಿಗೆ ಇದನ್ನು ಹೇಳಿದೆ. ಮಗುವಿನ ತಲೆ ನಿಮಗೆ ಒರಗಿರಬೇಕು, ನೀವು ಹಿಂದಿನಿಂದ ಉಜ್ಜಬೇಕು ಅಂತಲೇ ನಾವೂ ಹೇಳೋದು ಅಂದರು. ಏಳು ವರ್ಷದವರೆಗಾದರೂ ಉಜ್ಜುವ ಕೈ ದೊಡ್ಡವರದೇ ಇರಬೇಕಂತೆ. ಮೊದಲು ಅವಳೇ ಉಜ್ಜಿಕೊಳ್ಳಲಿ, ಆಮೇಲೆ ನೀವು ಒಂದು ಕೈ ನೋಡಿ ಅಂದರು. ಆರು ವರ್ಷದ ಹೊತ್ತಿಗೆ ದವಡೆಯ ತುದಿಯಲ್ಲಿ, ಹಾಲುಹಲ್ಲು ಯಾವುದೂ ಬೀಳದೆಯೇ, ಒಂದು ಹೊಸ ಹಲ್ಲು ಏಳುತ್ತೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡುತ್ತಾರೆ. ಮಗನಿಗೆ ಅದು ಬಂದಾಗ ನಾನು ಟಾರ್ಚ್ ಹಿಡಿದು ನೋಡಿದ್ದೆ.

ಅಮ್ಮನಿಗೆ ಒಪ್ಪಿಸಲು ಕಷ್ಟವಾದದ್ದು ಒಂದೇ. ಇಲ್ಲಿ ಉಜ್ಜಿದ ಮೇಲೆ ಬಾಯಿ ಮುಕ್ಕಳಿಸುವುದಿಲ್ಲ, ಉಗುಳಿ ಬಿಡುತ್ತಾರೆ. ಮುಕ್ಕಳಿಸಿದರೆ ಹಲ್ಲಿನ ಮೇಲೆ ನಿಲ್ಲಬೇಕಾದ ಪೇಸ್ಟು ತೊಳೆದುಹೋಗುತ್ತೆ. ಮೂರು ಸಲ ಮುಕ್ಕಳಿಸದೆ ಬಚ್ಚಲು ಬಿಡದ ನಮ್ಮಮ್ಮನಿಗೆ ಅದು ಎಂಜಲು ಬಾಯಿ. ವಾರದ ಮೇಲೆ, ಮಗುವಿಗೆ ಮಾತ್ರ, ರಾತ್ರಿ ಮಾತ್ರ ಅಂತ ಒಪ್ಪಿದರು. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಏನೂ ಕೊಡುವಂತಿಲ್ಲ. ಬಾಟಲಿ ಹಾಲನ್ನು ಲೋಟಕ್ಕೆ ತಂದು, ಹೊತ್ತನ್ನೂ ಉಜ್ಜುವುದಕ್ಕಿಂತ ಮುಂಚೆಗೆ ತಂದೆವು. ಅದಕ್ಕೆ ಎರಡು ವಾರದ ಅಳು ಕೇಳಬೇಕಾಯಿತು.

ಊರಲ್ಲಿರುವವರಿಗೆ ಒಂದು ಮಾತು. ಪಾವಗಡ, ಕೋಲಾರದ ಕಡೆ, ಮುಂಡರಗಿ, ರಾಯಚೂರು ಸುತ್ತಮುತ್ತ ಇರುವವರು ನಾನು ಹೇಳಿದ್ದನ್ನು ಹಾಗೇ ಮಾಡಬೇಡಿ. ಮೊದಲು ನಿಮ್ಮ ಕುಡಿಯುವ ನೀರಲ್ಲಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಆ ಅಂಕಿ ಹಿಡಿದುಕೊಂಡು ಹಲ್ಲಿನ ಡಾಕ್ಟರ ಬಳಿ ಹೋಗಿ, ಮಗುವಿನ ಪೇಸ್ಟು ಅವರನ್ನು ಕೇಳಿ ತೀರ್ಮಾನಿಸಿ. ಬರೀ ಭಯದಿಂದ ನಾನು ಮಾಡಿದ್ದನ್ನು ನೀವು ಮಾಡಬೇಡಿ. ಪೇಸ್ಟು ಯಾವುದೇ ಇರಲಿ, ಟ್ಯೂಬು ಮಗುವಿನ ಕೈಗೆ ಸಿಗದ ಹಾಗೆ ಇಡಿ. ಹಣ್ಣಿನ ವಾಸನೆಗೆ ಮಕ್ಕಳು ಚೀಪುತ್ತಾರೆ.

ಅಮ್ಮ ಈಗ ಊರಲ್ಲಿದ್ದಾರೆ. ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸುತ್ತಾರೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನಮ್ಮಣ್ಣನ ಎರಡು ವರ್ಷದ ಮಗ ಅವರ ಕಾಲ ಮೇಲೆ ಅಂಗಾತ ಮಲಗಿದ್ದ. ಇಲ್ಲಿಂದ ನನ್ನ ಮಗಳು ಫೋನಿಗೆ ಮುಖ ಒತ್ತಿಕೊಂಡು, “ಅಜ್ಜೀ, ಹಿಂದಿನ ಕಳ್ಳಿ ಮರೀಬೇಡ” ಅಂದಳು.